ಕಟಿಂಗ್ ಆಗಿದೆ

ನಮ್ಮ ಮಹಿಳಾ ಮಂಡಳದ ಹೊಲಿಗೆ ತರಗತಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಓದಲು ನಿಮ್ಮ ಕೆಲಸದ ಅನುಭವ ಬರೆದುಕೊಡಿ ಎಂದು ಅಲ್ಲಿಯ ಟೀಚರ್ ಕೇಳಿ ಎಂಟು ತಿಂಗಳಾಯಿತು. ದೇವಸ್ಥಾನದಲ್ಲಿ ಸಿಕ್ಕಾಗಲೆಲ್ಲ ಅವರು "ಎಲ್ಲಿವರೆಗೆ ಬಂತು ಆಂಟೀ?" ಎನ್ನುತ್ತಾರೆ. ನಾನು "ಅರ್ಧ ಆಗಿದೆ" ಎನ್ನುತ್ತೇನೆ. ದೇವರ ಎದುರಿನಲ್ಲೇ ಹೇಳುತ್ತೇನೆ. ಇವತ್ತು ಬೆಳಿಗ್ಗೆ ದೀಪ ಹಚ್ಚಿ, ಕೈ ಮುಗಿದು, ಕುಳಿತು ಬರೆದ ಮೊದಲ ಸಾಲು ಇದೇ.

ಮುಂಬಯಿಯ ವಡಾಲದ ಒಂದು ಚಾಳಿನ ಎರಡನೆಯ ಮಹಡಿಯ ಒಂದೇ ಕೋಣೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರವಿಕೆ ಹೊಲಿದವಳು ನಾನು. ಬೋರ್ಡು ಇರಲಿಲ್ಲ, ಅಂಗಡಿ ಇರಲಿಲ್ಲ. ಯಾರಾದರೂ ಕೆಲಸ ಏನು ಎಂದು ಕೇಳಿದರೆ "ಮನೆಯಲ್ಲೇ ಇದ್ದೇನೆ" ಎಂದು ಹೇಳುತ್ತಿದ್ದೆ, ಮಿಷನ್ ಮೇಲೆ ಕೈ ಇಟ್ಟುಕೊಂಡೇ. ನನ್ನ ನಿವೃತ್ತಿಗೆ ಹಾರ ತುರಾಯಿ ಯಾವುದೂ ಆಗಲಿಲ್ಲ. ಒಂದು ದಿನ ಸೂಜಿಗೆ ದಾರ ಹಾಕಲು ಹೋಗಿ ಐದು ಸಲವೂ ತಪ್ಪಿತು. ಮಿಷನ್ನಿಗೆ ಹಳೆಯ ಸೀರೆಯ ಹೊದಿಕೆ ಹಾಕಿದೆ. ಅಷ್ಟೇ.

ಹೊಲಿಯುವುದು ಹೇಗೆ ಎಂದು ನಾನು ಬರೆಯುವುದಿಲ್ಲ. ಅದನ್ನು ನಿಮ್ಮ ಟೀಚರ್ ನನಗಿಂತ ಚೆನ್ನಾಗಿ ಕಲಿಸುತ್ತಾರೆ. ಯಾವ ತರಗತಿಯಲ್ಲೂ ಕಲಿಸದೆ ತಾನಾಗಿ ಬರುವ ಇನ್ನೊಂದು ವಿದ್ಯೆ ಇದೆ: ಹೊಲಿಯದೇ ಇರುವುದು. ಅದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಅದರಿಂದ ಒಬ್ಬ ಹೆಂಗಸಿಗೆ ಎಂಥ ನೋವು ಕೊಟ್ಟೆ ಎಂಬುದೂ ನೆನಪಿದೆ. ಅದನ್ನೇ ಬರೆಯುತ್ತೇನೆ.

ಅರುವತ್ತರ ದಶಕದ ಕೊನೆಯಲ್ಲಿ ಉಡುಪಿ ಕಡೆಯಿಂದ ಮದುವೆಯಾಗಿ ಬಂದೆ. ನಮ್ಮವರು ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅಡುಗೆ, ಪೂಜೆ, ನಳದ ನೀರು ಮುಗಿದ ಮೇಲೆ ಮಧ್ಯಾಹ್ನ ಖಾಲಿ ಇರುತ್ತದೆಂದು ಅವರೇ ನನ್ನನ್ನು ಪರೇಲ್‌ನಲ್ಲಿ ಕುಸುಮತಾಯಿ ಎಂಬವರು ನಡೆಸುತ್ತಿದ್ದ ಹೊಲಿಗೆ ಕ್ಲಾಸಿಗೆ ಸೇರಿಸಿದರು. ಬುಧವಾರ ಮತ್ತು ಗುರುವಾರ ಕ್ಲಾಸು. ಮಿಲ್ಲಿನ ಭೋಂಗಾ, ಅಂದರೆ ಸೈರನ್, ಕೂಗಿದಾಗ ಕ್ಲಾಸು ಶುರು, ಮತ್ತೆ ಕೂಗಿದಾಗ ಮುಗಿಯಿತು. ಗಡಿಯಾರ ನೋಡುವ ಕೆಲಸವೇ ಇರಲಿಲ್ಲ.

ಕುಸುಮತಾಯಿ ದಪ್ಪ ಕನ್ನಡಕದ, ಸಣ್ಣ ಮೈಯ ವಿಧವೆ. ನನಗೆ ಆಫೀಸು, ಸಾಹೇಬರು ಎಂದರೆ ಅವರೊಬ್ಬರೇ. ನನಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು; ಬೈಗುಳಕ್ಕೆ ಮಾತ್ರ ಭಾಷೆಯ ತೊಂದರೆ ಆಗಲಿಲ್ಲ. ಅವರದ್ದು ಒಂದೇ ನಿಯಮ. ಗಿರಾಕಿ ಬಟ್ಟೆ ಕೊಟ್ಟ ಕೂಡಲೇ ಅವಳ ಎದುರಿಗೇ ಮಡಿಕೆ ಬಿಚ್ಚಬೇಕು, ಪೂರ್ತಿ ಹರವಬೇಕು, ಕಲೆ ಇದೆಯೇ, ಹರಿದಿದೆಯೇ ನೋಡಬೇಕು. ಅಳತೆ ತೆಗೆದು, ಅವಳು ಮೆಟ್ಟಿಲು ಇಳಿಯುವ ಮೊದಲು ಚಾಕಿನಲ್ಲಿ ಗೀಟು ಹಾಕಬೇಕು. "ಮಡಿಸಿದ ಬಟ್ಟೆ ಮಡಿಸಿದ ಹಾಗೇ ಮಲಗಿಬಿಡ್ತದೆ ವಾರಿಜಾ, ಆಮೇಲೆ ಅದನ್ನ ಎಬ್ಬಿಸೋದು ಕಷ್ಟ" ಎಂದು ಅವರು ಮರಾಠಿಯಲ್ಲಿ ಹೇಳಿದ್ದು ನನಗೆ ತಡವಾಗಿ ಅರ್ಥವಾಯಿತು. ಭಾಷೆ ಬೇಗ ಬಂತು, ಅರ್ಥ ಬರಲು ವರ್ಷಗಳು ಹಿಡಿದವು.

ಸುರುವಿಗೆ ನಾನು ಬಹಳ ಚುರುಕು. ಕ್ಲಾಸು ಮುಗಿಸಿ ಆರು ತಿಂಗಳಲ್ಲಿ ಚಾಳಿನ ಅರ್ಧ ಹೆಂಗಸರು ನನ್ನ ಹೊಲಿಗೆ ಹಾಕಿಕೊಂಡಿದ್ದರು. ಆಗ ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಶಾಲಾ ಟೀಚರ್‌ಬಾಯಿ ಇದ್ದರು. ತಮ್ಮನ ಮದುವೆಗೆಂದು ನೇರಳೆ ಬಣ್ಣದ ರೇಷ್ಮೆ ಕೊಟ್ಟರು. ನಾನು ಎರಡು ತೋಳುಗಳ ಬಟ್ಟೆಯನ್ನೂ ಒಂದೇ ಮುಖ ಮೇಲೆ ಮಾಡಿ ಹರವಿ ಕತ್ತರಿಸಿಬಿಟ್ಟೆ. ಒಂದು ಎಡ, ಒಂದು ಬಲ ಆಗಬೇಕಾದದ್ದು ಎರಡೂ ಎಡ ಆದವು. ಗೊತ್ತಾಗದೆ ಹೊಲಿದೂ ಕೊಟ್ಟೆ. ಟೀಚರ್‌ಬಾಯಿ ಹಾಕಿಕೊಂಡು ಬಂದು ಬಲತೋಳು ಎತ್ತಿ ತೋರಿಸಿದರು. ಹೆಗಲಿನ ಮೇಲೆ ಬಟ್ಟೆ ಬುಗ್ಗೆಯ ಹಾಗೆ ಎದ್ದು ನಿಂತಿತ್ತು.

"ವಾರಿಜಾಬಾಯಿ, ಮಾಝಾ ಹಾತ್ ಉಲ್ಟಾ ಆಹೇ ಕಾಯ್?" ಎಂದರು. ಅಂದರೆ, ನನ್ನ ಕೈಯೇ ತಿರುಗುಮುರುಗಾ ಇದೆಯಾ ಹೇಗೆ?

ಬಟ್ಟೆ ಉಳಿದಿರಲಿಲ್ಲ. ಕುಸುಮತಾಯಿ ಏನೋ ತೇಪೆ ಕೊಟ್ಟು ಕೈ ಎತ್ತುವಷ್ಟು ಮಾಡಿಕೊಟ್ಟರು. ಟೀಚರ್‌ಬಾಯಿ ಮದುವೆಯಿಡೀ ಎರಡೂ ಭುಜಕ್ಕೆ ಸೆರಗು ಹೊದ್ದುಕೊಂಡು ಓಡಾಡಿದರಂತೆ. ಹುಡುಗಿಯ ಕಡೆಯವರು ಎಂಥ ಮರ್ಯಾದಸ್ಥ ಹೆಂಗಸು ಎಂದು ಹೊಗಳಿದರಂತೆ. ಅವರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ.

ಆ ದಿನದಿಂದ ಕತ್ತರಿ ಕೈಗೆ ತೆಗೆದುಕೊಂಡರೆ ತಿರುಗಿ ಕೆಳಗಿಡುತ್ತಿದ್ದೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ್ದನ್ನು ಕೂಡಿಸಲು ಯಾವ ದೇವರಿಂದಲೂ ಆಗದು. ಹುಡುಗಿಯರೇ, ಕೆಲಸ ಮುಂದಕ್ಕೆ ಹಾಕುವವರನ್ನೆಲ್ಲ ಸೋಮಾರಿಗಳು ಅನ್ನುತ್ತಾರೆ. ನಾನು ಬೆಳಗಿನಿಂದ ಸಂಜೆಯವರೆಗೆ ಒಂದು ಗಳಿಗೆ ಸುಮ್ಮನೆ ಕೂತವಳಲ್ಲ. ಸೋಮಾರಿಗೆ ಮೈ ಭಾರ. ನನಗೆ ಭಾರವಾದದ್ದು ಕತ್ತರಿ ಮಾತ್ರ.

ಕತ್ತರಿ ಹಾಕಬೇಕಾದ ದಿನ ನಾನು ಮಾಡುತ್ತಿದ್ದ ಕೆಲಸಗಳನ್ನು ನೆನೆದರೆ ಈಗ ನನಗೇ ಆಶ್ಚರ್ಯ. ಮಿಷನ್ನಿನ ಪ್ರತಿಯೊಂದು ತೂತಿಗೆ ಎಣ್ಣೆ ಬಿಡುವುದು. ಇದ್ದಬದ್ದ ಬಣ್ಣದ ದಾರವನ್ನೆಲ್ಲ ಬಾಬಿನ್ನಿಗೆ ಸುತ್ತುವುದು. ಉದ್ದಿನಬೇಳೆಯಲ್ಲಿ ಇಲ್ಲದ ಕಲ್ಲು ಹುಡುಕುವುದು. ಎಲ್ಲಕ್ಕಿಂತ ಹೆಚ್ಚಾಗಿ, ಪೂಜೆ. ದಿನವೂ ಅರ್ಧ ತಾಸಿನಲ್ಲಿ ಮುಗಿಯುವ ಪೂಜೆ ಅಂಥ ದಿನ ಒಂದೂವರೆ ತಾಸು ನಡೆಯುತ್ತಿತ್ತು. ದೀಪದ ಕಂಬಗಳನ್ನು ಹುಣಿಸೆಹಣ್ಣು ಹಾಕಿ ಎರಡೆರಡು ಸಲ ತಿಕ್ಕುತ್ತಿದ್ದೆ. ನನ್ನ ಅತ್ಯುತ್ತಮ ಭಕ್ತಿಯನ್ನು ದೇವರು ಕಂಡದ್ದು ರೇಷ್ಮೆ ಬಟ್ಟೆ ಬಂದ ದಿನಗಳಲ್ಲಿ.

ವಾರಗಳ ಲೆಕ್ಕವೂ ಇತ್ತು. ಮಂಗಳವಾರ ಹೊಸ ಬಟ್ಟೆಗೆ ಕತ್ತರಿ ತಾಗಿಸಬಾರದು. ಶುಕ್ರವಾರ ಲಕ್ಷ್ಮಿಯ ದಿನ, ಕಬ್ಬಿಣ ಎತ್ತುವುದು ಸರಿಯಲ್ಲ. ಶನಿವಾರ ಶನಿವಾರವೇ. ಸೋಮವಾರ ಉಪವಾಸ, ಕೈ ನಡುಗುತ್ತದೆ. ಗುರುವಾರ ಮನೆ ಗುಡಿಸಿ ಒರೆಸುವ ದಿನ. ಆದಿತ್ಯವಾರ ನೆಂಟರು.

ನಮ್ಮವರು ಒಂದು ದಿನ ಬೂಟು ಹಾಕುತ್ತ ಹೇಳಿದರು: "ನಿನ್ನ ದೇವರುಗಳಿಗೆಲ್ಲ ಬುಧವಾರ ಮಾತ್ರ ಪುರುಸೊತ್ತು ಅಂತ ಕಾಣ್ತದೆ."

"ಬುಧವಾರ ಮಧ್ಯಾಹ್ನ ರಾಹುಕಾಲ ಉಂಟಲ್ಲ" ಎಂದೆ.

"ನೋಡು ಮಾರಾಯ್ತಿ, ಹೋಟೆಲಿಗೆ ಬಂದು ದೋಸೆ ಕೇಳಿದವನಿಗೆ ನಾಳೆ ಬನ್ನಿ ಅಂತ ಹೇಳ್ಲಿಕ್ಕೆ ಆಗ್ತದಾ? ಹಿಟ್ಟು ಕಡೆದು ಆಗಿದೆ, ಬುಧವಾರ ಹೊಯ್ತೇವೆ ಅಂತ ಹೇಳಿದ್ರೆ ಅವ ನನ್ನ ತಲೆ ಮೇಲೆ ಹೊಯ್ತಾನೆ."

ಅವರು ಹೇಳಿದ್ದು ನನ್ನ ಆ ಕಾಲದ ಮಂತ್ರವನ್ನು ಹಂಗಿಸಿ. ಆ ಮಂತ್ರ, "ಕಟಿಂಗ್ ಆಗಿದೆ." ಇದರ ಗುಟ್ಟು ನಿಮಗೆ ಹೇಳಿಬಿಡಬೇಕು. ಬಟ್ಟೆಗೆ ಒಮ್ಮೆ ಕತ್ತರಿ ಬಿತ್ತೆಂದರೆ ಗಿರಾಕಿ ಅದನ್ನು ಇನ್ನೊಬ್ಬ ದರ್ಜಿಯ ಹತ್ತಿರ ಒಯ್ಯುವ ಹಾಗಿಲ್ಲ, ವಾಪಸು ಕೇಳುವ ಹಾಗೂ ಇಲ್ಲ. ಅದಕ್ಕೇ ಮುಂಬಯಿಯ ದರ್ಜಿಗಳು ಬೇಗ ಕತ್ತರಿಸಿ ನಿಧಾನವಾಗಿ ಹೊಲಿಯುತ್ತಿದ್ದರು. ನಾನು ಒಂದು ಹೆಜ್ಜೆ ಮುಂದೆ ಹೋದೆ. ಕತ್ತರಿಸದೆಯೇ ಕತ್ತರಿಸಿದ್ದೇನೆ ಎಂದು ಹೇಳತೊಡಗಿದೆ. ಸುಳ್ಳು ಹೇಳಿದ ಪಾಪ ತಟ್ಟಬಾರದಲ್ಲ, ಆದ್ದರಿಂದ ಗಂಟು ಬಂದ ದಿನವೇ ಬಟ್ಟೆಯ ಮೂಲೆಯಲ್ಲಿ, ಅಂಚಿನ ಒಳಗೆ ಹೋಗುವ ಕಡೆ, ಕತ್ತರಿಯ ತುದಿಯಿಂದ ಒಂದೇ ಒಂದು ಕಚ್ಚು ಹಾಕುತ್ತಿದ್ದೆ. ಜೋಳದ ಕಾಳಿನಷ್ಟು. ಕತ್ತರಿ ತಾಗಿತೋ ಇಲ್ಲವೋ? ತಾಗಿತು. ಹಾಗಾದರೆ ಕಟಿಂಗ್ ಆಗಿದೆ. ದೇವರ ಹತ್ತಿರ ವಕೀಲಿ ಮಾಡುವುದಕ್ಕೆ ನನಗೆ ಯಾವ ಕಾಲೇಜೂ ಬೇಕಾಗಲಿಲ್ಲ.

ಮಿಷನ್ನಿನ ಕೆಳಗೆ ಒಂದು ಕಬ್ಬಿಣದ ಟ್ರಂಕು ಇತ್ತು. "ಕಟಿಂಗ್ ಆದ" ಬಟ್ಟೆಗಳೆಲ್ಲ ಅದರಲ್ಲಿ ಹೆಸರಿನ ಚೀಟಿ ಹಚ್ಚಿಕೊಂಡು ಮಲಗಿರುತ್ತಿದ್ದವು. ಅವು ಮಲಗಿರುವಾಗ ಹೊರಗೆ ಫ್ಯಾಷನ್ ಬದಲಾಗುತ್ತಿತ್ತು. ಮೊಣಕೈವರೆಗಿನ ತೋಳು ಏರಿ ಏರಿ ಭುಜಕ್ಕೆ ಬಂತು. ಮುಂದಿನ ಹುಕ್ಕು ಹಿಂದಕ್ಕೆ ಹೋಗಿ, ಸ್ವಲ್ಪ ವರ್ಷದಲ್ಲಿ ಮುಂದಕ್ಕೆ ಬಂತು. ಒಬ್ಬಾಕೆ ಉದ್ದ ತೋಳಿಗೆಂದು ಕೊಟ್ಟ ಬಟ್ಟೆಯನ್ನು ನಾನು ತಡ ಮಾಡಿದ್ದರಿಂದ ಗಿಡ್ಡ ತೋಳು ಹೊಲಿದು ಕೊಟ್ಟಾಗ, "ನೀವು ಬೇಗ ಕೊಟ್ಟಿದ್ದರೆ ನಾನು ಹಳೇ ಕಾಲದವಳಾಗ್ತಿದ್ದೆ" ಎಂದು ಸಂತೋಷಪಟ್ಟಳು. ಇಂಥ ಒಂದು ಮಾತು ನೂರು ತಪ್ಪಿಗೆ ಧೈರ್ಯ ಕೊಡುತ್ತದೆ. ಅದೇ ಅಪಾಯ.

ಎಪ್ಪತ್ತರ ದಶಕದ ನಡುವೆ ನಮ್ಮ ಚಾಳಿನ ಹಿಂದಿನ ಖಾಲಿ ಜಾಗದಲ್ಲಿ ಒಂದು ದೊಡ್ಡ ಬಿಲ್ಡಿಂಗ್ ಕೆಲಸ ನಡೆಯಿತು. ಕೆಲಸದವರೆಲ್ಲ ಬಿಜಾಪುರ, ಬಾದಾಮಿ ಕಡೆಯವರು. ಅವರಲ್ಲಿ ಗಂಗವ್ವ ಎಂಬ ನಲವತ್ತೈದರ ಹೆಂಗಸು ನಮ್ಮ ನಳದಿಂದ ಕುಡಿಯುವ ನೀರು ಒಯ್ಯುತ್ತಿದ್ದಳು. ಕನ್ನಡದ ದನಿ ಕೇಳಿದರೆ ಸಾಕಾಗಿತ್ತು ನನಗೆ. ಒಂದು ದಿನ ಅವಳು ಸೆರಗಿನೊಳಗಿಂದ ಒಂದು ಖಣ ತೆಗೆದು ನನ್ನ ಕೈಯಲ್ಲಿಟ್ಟಳು. ಖಣವೆಂದರೆ ಅವರ ಕಡೆ ಮಗ್ಗದಲ್ಲಿ ನೇಯುವ ರವಿಕೆಯ ಬಟ್ಟೆ; ಉಡಿ ತುಂಬುವಾಗ, ಅಂದರೆ ಮಡಿಲು ತುಂಬುವಾಗ, ಅಕ್ಕಿಯ ಜೊತೆ ಸೆರಗಿಗೆ ಹಾಕುವುದೂ ಅದನ್ನೇ. ಕಡುಹಸಿರು ಮೈ, ಕೆಂಪು ಅಂಚು, ಮೈತುಂಬ ಸಣ್ಣ ಸಣ್ಣ ಹೂವು. ಕೈಯಗಲದ ತ್ರಿಕೋನವಾಗಿ ಮಡಿಸಿ, ನೂಲಿನಿಂದ ಕಟ್ಟಿತ್ತು.

"ನಮ್ಮವ್ವ ಸಾಯೂ ಹಿಂದಿನ ವರ್ಷ ನನ್ನ ಉಡ್ಯಾಗ ಹಾಕಿದ್ದರೀ ಅಕ್ಕಾರ. ಹತ್ತ ವರ್ಷ ಆತು, ಪೆಟಿಗ್ಯಾಗ ಇಟ್ಟೀನಿ. ಹೊಲಸಿಕೊಳ್ಳಾಕ ಮನಸ ಬರಲಿಲ್ಲ. ಈಗ ಅನಸ್ತೈತಿ, ಮೈಮ್ಯಾಲ ಹಾಕ್ಕೊಂಡ್ರ ಅವ್ವ ಬೆನ್ನಮ್ಯಾಲ ಕೈ ಇಟ್ಟಂಗ ಆಕ್ಕೈತಿ ಅಂತ."

ಅವಳ ಎದುರಿಗೆ ಬಿಚ್ಚಬೇಕಿತ್ತು. ಕುಸುಮತಾಯಿಯ ನಿಯಮ. ಆದರೆ ಒಲೆಯ ಮೇಲೆ ಹಾಲು ಇತ್ತೋ ಏನೋ ನೆವ; ಹಾಗೇ ತೆಗೆದು ಟ್ರಂಕಿನಲ್ಲಿಟ್ಟೆ. ಒಬ್ಬಳ ರವಿಕೆಗೆ ಸರಿಯಾಗಿ ಸಾಕಾಗುವ ಬಟ್ಟೆ, ಬೆರಳಗಲ ಹೆಚ್ಚಿಲ್ಲ. ತಪ್ಪಿದರೆ ತೇಪೆಗೂ ಗತಿಯಿಲ್ಲ. ಸತ್ತ ತಾಯಿಯ ಬಟ್ಟೆ ಬೇರೆ. ಅದನ್ನು ಮುಟ್ಟಲು ನನಗೆ ಎಷ್ಟು ಹೆದರಿಕೆಯಾಯಿತೆಂದರೆ, ಮೂಲೆಗೆ ಹಾಕುವ ಆ ಕಚ್ಚನ್ನು ಕೂಡ ನಾಳೆಗೆ ಇಟ್ಟೆ.

ಗಂಗವ್ವ ಮೂರು ಸಲ ಬಂದು ಕೇಳಿದಳು. ಮೂರು ಸಲವೂ "ಕಟಿಂಗ್ ಆಗಿದೆ" ಎಂದೆ. ಅಷ್ಟರಲ್ಲಿ ಬಿಲ್ಡಿಂಗ್ ಮುಗಿದು ಅವರ ತಂಡ ಜೋಗೇಶ್ವರಿಯ ಹೊಸ ಕೆಲಸಕ್ಕೆ ಹೋಯಿತು. ನನಗೆ ಒಳಗೊಳಗೇ ಹಗುರವೆನಿಸಿತು. ದೂರ ಹೋದಳು, ಇನ್ನು ಬೇಗ ಬರಲಾರಳು. ಸಂಜೆ ದೀಪದ ಮುಂದೆ ಆ ದಿನದ ಸಣ್ಣ ಉಪಕಾರಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ತಾಯಿ ಕಲಿಸಿದ ಅಭ್ಯಾಸ: ನಳದಲ್ಲಿ ನೀರು ಬಂತು, ಸೂಜಿ ಮುರಿಯಲಿಲ್ಲ, ನಮ್ಮವರಿಗೆ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು, ಹೀಗೆ. ಅವತ್ತು ಒಂದು ಬೆರಳನ್ನು ಗಂಗವ್ವ ದೂರವಾದದ್ದಕ್ಕೂ ಮಡಚಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದೆ.

ಖಣ ಕೊಟ್ಟ ಏಳನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ, ಪಕ್ಕದ ಕೋಣೆಯ ಸುಲೋಚನಾ ನಮ್ಮಲ್ಲಿ ಚಾ ಕುಡಿಯುತ್ತ ಕೂತಿದ್ದಳು. ಮಂಗಳೂರಿನವಳು, ಬಾಯಿ ಜೋರು, ಮನಸ್ಸು ಒಳ್ಳೆಯದು.

"ವಾರಿಜಕ್ಕ, ನನ್ನ ಬಿಳಿ ರವಿಕೆ ಎಂತಾಯ್ತು? ಬಣ್ಣ ಹಳದಿ ಆಗುವ ಮೊದಲು ಕೊಡ್ತೀರಾ?"

"ಕಟಿಂಗ್ ಆಗಿದೆ ಮಾರಾಯ್ತಿ" ಎನ್ನುತ್ತಿರುವಾಗಲೇ ಬಾಗಿಲಲ್ಲಿ ಗಂಗವ್ವ ಬಂದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ನನ್ನ ನಾಲಿಗೆ ಅದೇ ಓಟದಲ್ಲಿ ಓಡಿತು.

"ಬಾ ಗಂಗವ್ವ, ನಿನ್ನದೂ ಕಟಿಂಗ್ ಆಗಿದೆ. ಹೊಲಿಗೆ ಒಂದೇ ಬಾಕಿ."

ಅವಳು ಚೌಕಟ್ಟು ಹಿಡಿದುಕೊಂಡಳು. "ಕತ್ತರಿ ಹಾಕಿಬಿಟ್ಟೀರೇನ್ರಿ?"

"ಹೂಂ ಮತ್ತೆ."

"ಹಂಗಾದ್ರ ಬಿಡ್ರಿ." ಹೊಸ್ತಿಲಲ್ಲೇ ಕೂತಳು. ಸುಲೋಚನಾ ಕೊಟ್ಟ ನೀರು ಕುಡಿದು ಹೇಳಿದಳು. "ಊರಿಂದ ಕಾಗದ ಬಂದೈತ್ರಿ. ನನ್ನ ಮಗಳು ನೀಲವ್ವ ಬಸುರಾಗ್ಯಾಳ. ಮದುವ್ಯಾಗಿ ಆರು ವರ್ಷ. ಎರಡ ಸಲ ನಿಂತು ಹೋಗಿತ್ತು. ಅದಕ್ಕ ಏಳನೇ ತಿಂಗಳಾಗ ಬೀಳೂತನಕ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ನನಗೂ ಹೇಳಿಲ್ಲ. ಬರೂ ಐತವಾರ ಉಡಿ ತುಂಬೂದೈತಿ. ಗುರುವಾರದ ಗಾಡಿಗೆ ಹೊಂಟೀನಿ. ನಮ್ಮವ್ವನ ಖಣ ಆಕಿ ಉಡ್ಯಾಗ ಹಾಕೂಣು ಅಂತ ಇವತ್ತ ಕೆಲಸಕ್ಕ ಖಾಡಾ ಮಾಡಿ ಬಂದೆ."

ಸುಲೋಚನಾ ಮೆಲ್ಲನೆ ಕೇಳಿದಳು: "ಹೊಲಿದ ಮೇಲೆ ಹಾಕ್ಲಿಕ್ಕೆ ಆಗುದಿಲ್ವಾ?"

"ಕತ್ತರಿ ಬಿದ್ದ ಖಣ ಉಡ್ಯಾಗ ಹಾಕಾಕ ಬರಂಗಿಲ್ರಿ ಯವ್ವ. ಇಡೀ ಇರಬೇಕು."

ಹುಡುಗಿಯರೇ, ಆ ಖಣ ಇಡಿಯಾಗಿತ್ತು. ಅವಳು ಕೂತ ಜಾಗದಿಂದ ಎರಡು ಮಾರು ದೂರ, ಟ್ರಂಕಿನಲ್ಲಿ, ನೂಲು ಕೂಡ ಬಿಚ್ಚದೆ ಇತ್ತು. ಎದ್ದು ತೆಗೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಟ್ರಂಕು ತೆಗೆದರೆ ಮೇಲೆಯೇ ಸುಲೋಚನಾಳ ಬಿಳಿ ಬಟ್ಟೆ ಇತ್ತು. ಅವಳು ನೋಡುತ್ತಾಳೆ. ಸಂಜೆಯೊಳಗೆ ಇಡೀ ಚಾಳಿಗೆ ಗೊತ್ತಾಗುತ್ತದೆ. ಪೂಜೆ ಮಾಡುವ ವಾರಿಜಕ್ಕ ಸುಳ್ಳುಗಾತಿ. ನಾನು ಏಳಲಿಲ್ಲ.

ಗಂಗವ್ವ ಎದ್ದಳು. ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳಿದಳು: "ನಿಮ್ಮದೇನು ತಪ್ಪೈತ್ರಿ ಅಕ್ಕಾರ? ನೀವು ನಿಮ್ಮ ಕೆಲಸ ಮಾಡೀರಿ." ಮೆಟ್ಟಿಲು ಇಳಿದು ಹೋದಳು.

ನನ್ನನ್ನು ಬೈದವರು ಬಹಳ ಜನ ಇದ್ದಾರೆ. ಆ ಒಂದು ಮಾತಿನಷ್ಟು ಯಾವ ಬೈಗುಳವೂ ತಾಗಲಿಲ್ಲ. ನಾನು ಮಾಡದೇ ಇದ್ದದ್ದು ಆ ಕೆಲಸವೊಂದನ್ನೇ.

ಸುಲೋಚನಾ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಈಗ ಬರೆಯುವುದನ್ನು ನಮ್ಮವರಿಗೂ ಬಹಳ ವರ್ಷ ಹೇಳಿರಲಿಲ್ಲ. ಖಣ ಹೊರಗೆ ತೆಗೆದೆ, ಕತ್ತರಿ ತೆಗೆದೆ. ಕತ್ತರಿಸಿಬಿಟ್ಟರೆ ನಾನು ಹೇಳಿದ್ದು ನಿಜವಾಗುತ್ತದೆ. ಒಂದು ಒಳ್ಳೆಯ ರವಿಕೆ ಹೊಲಿದು ಕೊಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಂಗಳವಾರ. ಕತ್ತರಿ ತಾಗಿಸಬಾರದ ವಾರ. ಅದೂ ನೆನಪಾಗಲಿಲ್ಲ. ವರ್ಷಗಳಲ್ಲಿ ಮೊದಲ ಸಲ ನನ್ನ ಕೈ ನಡುಗಲಿಲ್ಲ. ಕೆಟ್ಟ ಕೆಲಸಕ್ಕೆ ಕೈ ಎಷ್ಟು ಗಟ್ಟಿಯಾಗಿರುತ್ತದೆ ಎಂದು ಅವತ್ತು ತಿಳಿಯಿತು.

ನೂಲು ಬಿಚ್ಚಿ ಮಡಿಕೆ ತೆಗೆದಾಗ ಒಳಗಿನಿಂದ ನಾಲ್ಕೈದು ಅಕ್ಕಿಕಾಳು ನೆಲಕ್ಕೆ ಬಿದ್ದವು. ಅರಿಸಿನ ಹಚ್ಚಿದ ಅಕ್ಕಿ. ಆ ತಾಯಿ ಮಗಳ ಉಡಿ ತುಂಬಿದಾಗ ಮಡಿಕೆಯೊಳಗೆ ಸೇರಿಕೊಂಡದ್ದು. ಹತ್ತು ವರ್ಷ ಗಂಗವ್ವ ಅದನ್ನು ಹಾಗೇ ಇಟ್ಟಿದ್ದಳು. ಮೊದಲ ದಿನ ಅವಳ ಎದುರಿಗೆ ಬಿಚ್ಚಿದ್ದರೆ ಈ ಕಾಳುಗಳು ಅವಳ ಎದುರಿಗೆ ಬೀಳುತ್ತಿದ್ದವು. ಇದನ್ನು ಹೊಲಿಯಲು ಕೊಡಬೇಡ ಎಂದು ನಾನೇ ಹೇಳುತ್ತಿದ್ದೆ.

ಕತ್ತರಿ ಕೆಳಗಿಟ್ಟೆ. ಒಂದೊಂದೇ ಕಾಳು ಹುಡುಕಿ ಹೆಕ್ಕಿದೆ, ಇದ್ದಲ್ಲಿ ಇಟ್ಟು, ಇದ್ದ ಮಡಿಕೆಯಲ್ಲೇ ಮಡಿಸಿದೆ. ಸಂಜೆ ದೀಪದ ಮುಂದೆ ಕೂತು ಬೆರಳು ಮಡಚಲು ಹೋದರೆ ಒಂದೂ ಮಡಚಲಿಲ್ಲ.

ಇಷ್ಟಾದರೂ ಬುಧವಾರ ಬೆಳಿಗ್ಗೆ ನಾನು ಏನು ಮಾಡುತ್ತಿದ್ದೆ ಗೊತ್ತೇ? ದೀಪದ ಕಂಬ ತಿಕ್ಕುತ್ತಿದ್ದೆ. ಎರಡನೆಯ ಸಲ. ನಮ್ಮವರು ಹೋಟೆಲಿಗೆ ಹೊರಟವರು ನಿಂತು ನೋಡಿದರು. ಹಿಂದಿನ ಸಂಜೆಯೇ ಗಂಗವ್ವನ ವಿಷಯ ಅರ್ಧ ಹೇಳಿದ್ದೆ.

"ಆ ಕಂಬ ಇನ್ನು ತಿಕ್ಕಿದ್ರೆ ಕರಗ್ತದೆ" ಎಂದರು. "ನಿನ್ನ ದೇವರಿಗೆ ಪುರುಸೊತ್ತಿರುವ ವಾರ ಇವತ್ತೇ ಅಲ್ವಾ? ಹೋಗು."

ಕೈ ತೊಳೆದು ಹೊರಟೆ. ದಾದರ್‌ವರೆಗೆ ಬಸ್ಸು, ಅಲ್ಲಿಂದ ಜೋಗೇಶ್ವರಿಗೆ ಸ್ಲೋ ಲೋಕಲ್. ಆ ಲೈನಿನಲ್ಲಿ ನಾನು ಒಬ್ಬಳೇ ಹೋದದ್ದು ಅದೇ ಮೊದಲು. ಪ್ರತಿ ಸ್ಟೇಷನ್ನಿನಲ್ಲೂ ಪಕ್ಕದ ಹೆಂಗಸನ್ನು ಇದು ಜೋಗೇಶ್ವರಿಯಾ ಎಂದು ಕೇಳುತ್ತಿದ್ದೆ; ಅವಳು ಕೊನೆಗೆ "ಬಾಯೀ, ಬಂದಾಗ ನಾನೇ ತಳ್ಳುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದಳು, ಹಾಗೇ ತಳ್ಳಿದಳು ಕೂಡ. ಸ್ಟೇಷನ್ ಹೊರಗೆ ಒಂದು ಉಡುಪಿ ಹೋಟೆಲು. ಗಲ್ಲಾದವರಿಗೆ ನಮ್ಮವರ ಹೆಸರು ಹೇಳಿದೆ. ಬಿಜಾಪುರದ ತಂಡ ಎಲ್ಲಿ ಕೆಲಸ ಮಾಡುತ್ತದೆಂದು ಅವರೇ ದಾರಿ ತೋರಿಸಿದರು.

ಊಟದ ಹೊತ್ತು. ಅರ್ಧ ಎದ್ದ ಗೋಡೆಯ ನೆರಳಿನಲ್ಲಿ ಏಳೆಂಟು ಹೆಂಗಸರು ರೊಟ್ಟಿ ಬಿಚ್ಚಿ ಕೂತಿದ್ದರು. ಗಂಗವ್ವ ನನ್ನನ್ನು ಕಂಡು ಎದ್ದುನಿಂತಳು.

"ಅಕ್ಕಾರ! ನೀವ್ಯಾಕ ಬರಾಕ ಹೋದ್ರಿ ಈ ಧೂಳಾಗ? ಹೊಲದು ತಂದೀರೇನ್ರಿ?"

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಯೋಚಿಸಿ ನಾಲ್ಕು ನೆವ ಕಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಖಣ ಕೊಟ್ಟೆ.

"ಹೊಲಿದಿಲ್ಲ ಗಂಗವ್ವ. ಕತ್ತರಿಯೂ ಹಾಕಿಲ್ಲ. ನಿನ್ನೆ ಹೇಳಿದ್ದು ಸುಳ್ಳು. ಅದರ ಮೊದಲು ಮೂರು ಸಲ ಹೇಳಿದ್ದೂ ಸುಳ್ಳು."

ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಕೂತು, ಮೊಣಕಾಲ ಮೇಲೆ ಖಣ ಇಟ್ಟು ಒಂದು ಮಡಿಕೆ ಎತ್ತಿದಳು. ಅಕ್ಕಿಕಾಳು ಕಂಡವು.

"ಬಿಚ್ಚೇ ನೋಡಿಲ್ಲೇನ್ರಿ ಇದನ್ನ, ಏಳ ವಾರ?"

"ನಿನ್ನೆ ಬಿಚ್ಚಿದೆ. ಇದ್ದ ಹಾಗೇ ಇಟ್ಟಿದ್ದೇನೆ."

ಅವಳು ತಲೆ ಎತ್ತಲಿಲ್ಲ. "ನಿನ್ನಿ ಲೋಕಲ್‌ನಾಗ ಅಳಕೋತ ಬಂದೀನ್ರಿ ಅಕ್ಕಾರ. ಮಂದಿ ನೋಡಾಕತ್ತಿದ್ರು. ನಮ್ಮವ್ವಗ ಏನಂತ ಹೇಳ್ಲಿ ಅಂತ." ನಾನು ನಿಂತೇ ಇದ್ದೆ. ಆಕೆಯ ಸಿಟ್ಟು ನ್ಯಾಯವಾದದ್ದು, ಅದು ಪೂರ್ತಿ ಬರಲಿ ಎಂದು ನಿಂತೆ. ಅವಳು ಮೂಗು ಒರೆಸಿಕೊಂಡು ಹೇಳಿದಳು: "ನಿಮ್ಮ ಕೈಯಾಗಿನ ಕತ್ತರಿಗಿಂತ ಬಾಯಾಗಿನ ಕತ್ತರಿ ಭಾಳ ಚುರುಕ ಐತಿ ನೋಡ್ರಿ."

ಉಳಿದ ಹೆಂಗಸರು ನಕ್ಕರು. ಒಬ್ಬಾಕೆ, "ಆಕಿ ಮಡ್ಡ ಕತ್ತರಿಯಿಂದನ ನಿಮ್ಮವ್ವನ ಖಣ ಉಳದೈತಲ್ಲೇ ಗಂಗಿ, ಸುಮ್ನ ಇರು" ಎಂದಳು. ಗಂಗವ್ವ ತನ್ನ ರೊಟ್ಟಿ ಅರ್ಧ ಮುರಿದು, ಚಟ್ನಿ ಹಚ್ಚಿ ನನ್ನ ಕೈಗೆ ಕೊಟ್ಟಳು. ತಿನ್ನು ಎಂದೂ ಹೇಳಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನು ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂದು ಹೇಳಿದರೆ ಮತ್ತೊಂದು ಸುಳ್ಳಾಗುತ್ತದೆ.

ಮನೆಗೆ ಬಂದವಳು ಸುಲೋಚನಾಳನ್ನು ಕರೆದು ಟ್ರಂಕು ತೆರೆದು ತೋರಿಸಿದೆ. ಒಳಗೆ ಹನ್ನೊಂದು ಗಂಟು. ಅವಳು ಒಂದೊಂದೇ ಚೀಟಿ ಗಟ್ಟಿಯಾಗಿ ಓದಿದಳು. "ಅಯ್ಯೋ ದೇವರೇ, ಇದು ಧರ್ಮಶಾಲೆಯಾ ವಾರಿಜಕ್ಕ?" ನಾನು ಹೆದರಿದ ಹಾಗೆಯೇ ಸಂಜೆಯೊಳಗೆ ಚಾಳಿಗೆಲ್ಲ ಗೊತ್ತಾಯಿತು. ಮೂವರು ಬಟ್ಟೆ ವಾಪಸು ಒಯ್ದರು. ಎಂಟು ಜನ ಬಿಟ್ಟರು. ಆಕಾಶವೇನೂ ಬೀಳಲಿಲ್ಲ. ಇದೇ ನೋಡಿ, ನಾನು ಹೆದರಿ ಹೆದರಿ ವರ್ಷಗಟ್ಟಲೆ ಮುಂದೂಡಿದ್ದು ಒಂದು ಸಂಜೆಯಲ್ಲಿ ಮುಗಿಯಿತು.

ಅಲ್ಲಿಂದ ಮುಂದೆ ಕತ್ತರಿ ಹಾಕುವಾಗ ಗಿರಾಕಿಯನ್ನು ಎದುರಿಗೇ ಕೂರಿಸಿಕೊಳ್ಳತೊಡಗಿದೆ. ಮಡಿಕೆ ಬಿಚ್ಚು, ಹರವು, ಗೀಟು, ಕತ್ತರಿ, ಕೂತಲ್ಲೇ ಒಂದೇ ಸಲಕ್ಕೆ. ಹಳೆಯ ಪೇಪರಿನಲ್ಲಿ ಅಳತೆಯ ನಮೂನೆ ಮೊದಲೇ ಕತ್ತರಿಸಿಟ್ಟುಕೊಳ್ಳುವ ರೂಢಿಯೂ ಆಗ ಬಂತು. ಪೇಪರಿಗೆ ಎರಡು ಎಡಗೈ ಆದರೆ ಯಾರ ಮದುವೆಯೂ ಕೆಡುವುದಿಲ್ಲ. ಎದುರಿಗೆ ಒಬ್ಬಳು ಕೂತು ಮಾತಾಡುತ್ತಿದ್ದರೆ ಹೆದರಿಕೆ ಇಬ್ಬರಿಗೆ ಹಂಚಿಹೋಗುತ್ತದೆ. ನಾನು ಪೂರ್ತಿ ಗುಣವಾದೆ ಎಂದು ತಿಳಿಯಬೇಡಿ. ಸುಲೋಚನಾ ಕೇಳುತ್ತಿದ್ದಳು: "ಕಟಿಂಗ್ ಆಗಿದೆ ಅಂತ ನನ್ನ ಕಣ್ಣಿಗೇ ಗೊತ್ತುಂಟು. ಹುಕ್ಕು?" "ಹುಕ್ಕು ನಾಳೆ" ಎನ್ನುತ್ತಿದ್ದೆ. ಆದರೆ ಆ ನಾಳೆ ನಿಜವಾದ ನಾಳೆಯಾಗಿರುತ್ತಿತ್ತು. ಹೆಚ್ಚೆಂದರೆ ನಾಡಿದ್ದು.

ನಾಲ್ಕು ತಿಂಗಳ ಮೇಲೆ ಗಂಗವ್ವ ಬಂದಳು. ನೀಲವ್ವನಿಗೆ ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಪೇಟೆಯಿಂದ ತಂದ ಒಂದು ಸಾದಾ ಕೆಂಪು ಬಟ್ಟೆ ನನ್ನ ಮುಂದೆ ಹಾಕಿ, ಮಣೆ ಎಳೆದುಕೊಂಡು ಕೂತಳು.

"ಹಾಕ್ರಿ ಕತ್ತರಿ. ನಾ ನೋಡಬೇಕು."

ಹಾಕಿದೆ. ಬಟ್ಟೆ ಸೀಳುವ ಸದ್ದು ಕೇಳಿ ಅವಳು ಚಪ್ಪಾಳೆ ತಟ್ಟಿದಳು. ಹೊಲಿದು ಮುಗಿಸುವ ತನಕ ಏಳಲಿಲ್ಲ. ಹೊರಡುವಾಗ ನನ್ನನ್ನು ದೇವರ ಮುಂದೆ ನಿಲ್ಲಿಸಿ, ಸೆರಗು ಒಡ್ಡಲು ಹೇಳಿ, ಹಿಡಿ ಅಕ್ಕಿಯ ಜೊತೆ ಒಂದು ಖಣ ಹಾಕಿದಳು. ಊರಿಂದ ನನಗಾಗಿ ತಂದದ್ದು. ಅದೇ ಹಸಿರು, ಅದೇ ಕೆಂಪು ಅಂಚು.

"ಯಾವಾಗ ಹೊಲ್ಕೋತೀರಿ?"

"ಬುಧವಾರ" ಎಂದೆ. ಇಬ್ಬರೂ ನಕ್ಕೆವು.

ಮಿಷನ್ನಿಗೆ ಹೊದಿಕೆ ಹಾಕಿದ ಮೇಲೆ, ಹೋದ ತಿಂಗಳು, ನನ್ನ ಸೊಸೆ ಆ ಟ್ರಂಕು ಖಾಲಿ ಮಾಡಿದಳು. ತಳದಲ್ಲಿ ನೂಲು ಕಟ್ಟಿದ ಹಸಿರು ತ್ರಿಕೋನದ ಮಡಿಕೆ ಸಿಕ್ಕಿತು. ಅಲುಗಾಡಿಸಿದರೆ ಒಳಗೆ ಅಕ್ಕಿ ಸದ್ದು ಮಾಡಿತು. ಅವಳು ನನ್ನ ಕಡೆ ತಿರುಗಿ ಕೇಳಿದಳು.

"ಅತ್ತೇ, ಇದು ಕಟಿಂಗ್ ಆಗಿದೆಯಾ?"

"ಆಗಿಲ್ಲ" ಎಂದೆ.